ಲೇಬಲ್ ಮುಚ್ಚಿ ರುಚಿ ನೋಡಿ

ಮುಂಗಾರಿನಲ್ಲಿ ಜಗಳೂರು ಕಡೆ ಹೋದರೆ ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳ. ಹೊನ್ನಾಳಿ, ನ್ಯಾಮತಿಯ ಖುಷ್ಕಿ ಹೊಲಗಳಲ್ಲೂ ಅದೇ. ಕಾಳು ದಾವಣಗೆರೆ ಮಾರುಕಟ್ಟೆಗೆ ಬಂದು, ಅಲ್ಲಿಂದ ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ, ಈಚಿನ ವರ್ಷಗಳಲ್ಲಿ ಎಥೆನಾಲ್ ಘಟಕಗಳಿಗೆ ಹೋಗುತ್ತದೆ. ಇದೇ ಕಾಳು ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬರ್ಬನ್ ಆಗುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ಬರ್ಬನ್ ಎಂದು ಕರೆಸಿಕೊಳ್ಳಲು ಧಾನ್ಯದಲ್ಲಿ ಶೇ 51ಕ್ಕೆ ಕಡಿಮೆ ಇಲ್ಲದಂತೆ ಮೆಕ್ಕೆಜೋಳ ಇರಬೇಕು. ಬಟ್ಟಿ ಇಳಿಸಿದ ಮದ್ಯವನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬಣ್ಣ, ಸುವಾಸನೆ ಏನನ್ನೂ ಸೇರಿಸುವಂತಿಲ್ಲ. ಬಾಟಲಿಗೆ ಇಳಿಸುವಾಗ ಮದ್ಯಸಾರ ಶೇ 40ಕ್ಕಿಂತ ಇಳಿಯಬಾರದು.

ಇಷ್ಟು ಕಟ್ಟುನಿಟ್ಟಿನ ಬರ್ಬನ್ನಿಗೆ ಈಚೆಗೆ ಇನ್ನೊಂದು ಮನೆ ಸಿಕ್ಕಿದೆ. ಹೊಸ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ ಮೇಲೆ, ಕೊನೆಯ ಕೆಲವು ತಿಂಗಳು ಅದನ್ನು ವೈನ್ ತುಂಬಿಟ್ಟು ಖಾಲಿ ಮಾಡಿದ ಪೀಪಾಯಿಗೆ ವರ್ಗಾಯಿಸುತ್ತಾರೆ. ಮರ ಹೀರಿಕೊಂಡಿದ್ದ ವೈನ್ ಮೆಲ್ಲಗೆ ಮದ್ಯಕ್ಕೆ ಇಳಿಯುತ್ತದೆ. ಲಿಂಕನ್ ಹೆಂಡರ್ಸನ್ ಹುಟ್ಟುಹಾಕಿದ ಏಂಜಲ್ಸ್ ಎನ್ವಿ ಎಂಬ ಬರ್ಬನ್ ಪೋರ್ಟ್ ವೈನಿನ ಪೀಪಾಯಿ ಕಂಡದ್ದು. 2019ರಲ್ಲಿ ಬಂದ ಲೆಜೆಂಟ್‌ನಲ್ಲಿ ಕೆಂಪು ವೈನ್ ಮತ್ತು ಶೆರ್ರಿ ಪೀಪಾಯಿಗಳಲ್ಲಿ ಮಾಗಿದ ಪಾಲು ಇದೆ. ಇಂಥವನ್ನು ಬರೀ ಬರ್ಬನ್ ಎಂದು ಮಾರುವಂತಿಲ್ಲ. ಕೊನೆಗೆ ಯಾವ ಪೀಪಾಯಿಯಲ್ಲಿತ್ತು ಎಂಬುದನ್ನು ಲೇಬಲ್ ಮೇಲೆ ಬರೆಯಲೇಬೇಕು. ಹಾಗೆ ಬರೆದದ್ದೇ ಬೆಲೆ ಏರಿಸುವ ಸಾಲೂ ಆಗುತ್ತದೆ.

ಆ ಸಾಲಿಗೆ ಕೊಟ್ಟ ದುಡ್ಡು ನಾಲಿಗೆಗೆ ತಲುಪುತ್ತದೆಯೋ ಇಲ್ಲವೋ? ಲೇಬಲ್ ಓದಿಕೊಂಡು ಕುಡಿದರೆ ಎಲ್ಲರಿಗೂ ದ್ರಾಕ್ಷಿ ಸಿಗುತ್ತದೆ. ಮುಚ್ಚಿಟ್ಟು ಕುಡಿದರೆ ಎಷ್ಟು ಜನಕ್ಕೆ ಸಿಗುತ್ತದೆ ಎನ್ನುವುದೇ ಪ್ರಶ್ನೆ. ಇದನ್ನು ಚನ್ನಗಿರಿಯ ಮನೆಯ ಪಡಸಾಲೆಯಲ್ಲೇ, ಪ್ರಯೋಗಾಲಯದ ಲೆಕ್ಕಕ್ಕೆ ಸರಿಯಾಗಿ ಪರೀಕ್ಷೆ ಮಾಡಿ ನೋಡಬಹುದು.

ಬೆಂಗಳೂರಿನ ಮಾಲ್ಟ್, ಗ್ಲಾಸ್ಗೋದ ಪಬ್

ಕಣ್ಣು ಕಟ್ಟಿ ರುಚಿ ನೋಡುವುದರಿಂದ ಲಾಭವಾದದ್ದು ನಮ್ಮದೇ ರಾಜ್ಯದ ಕಂಪನಿಗೆ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಅಮೃತ್ ಡಿಸ್ಟಿಲರೀಸ್ ಸಿಂಗಲ್ ಮಾಲ್ಟ್ ಮಾಡಲು ಹೊರಟಾಗ, ಭಾರತದ ವಿಸ್ಕಿ ಎಂದರೆ ಮೂಗು ಮುರಿಯುವ ಕಾಲ. ಅದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ಅಗ್ಗದ ವಿಸ್ಕಿಯ ಬಹುಪಾಲು ಕಾಕಂಬಿಯ ಮದ್ಯಸಾರಕ್ಕೆ ಸ್ವಲ್ಪ ಮಾಲ್ಟ್ ಬೆರೆಸಿದ್ದು; ಯುರೋಪಿನ ಕಾನೂನು ಅದನ್ನು ವಿಸ್ಕಿ ಎಂದೇ ಒಪ್ಪುವುದಿಲ್ಲ. ಆಗ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುತ್ತಿದ್ದ ರಕ್ಷಿತ್ ಜಗದಾಳೆ ಅವರಿಗೆ, ಬ್ರಿಟನ್ನಿನಲ್ಲಿ ಭಾರತದ ಮಾಲ್ಟ್ ಮಾರಬಹುದೇ ಎಂದು ಪರಿಶೀಲಿಸುವ ಕೆಲಸವನ್ನು ತಂದೆ ನೀಲಕಂಠ ಜಗದಾಳೆ ವಹಿಸಿದರು. ರಕ್ಷಿತ್ ಹೆಸರು ಹೇಳದೆ ರುಚಿ ತೋರಿಸಿದರು. ಗ್ಲಾಸ್ಗೋದ ಪಾಟ್ ಸ್ಟಿಲ್ ಎಂಬ ಹೆಸರಾಂತ ವಿಸ್ಕಿ ಪಬ್ಬಿನಲ್ಲೂ ಈ ಪರೀಕ್ಷೆ ನಡೆಯಿತು. ಕುಡಿದವರು ಅದನ್ನು ಸ್ಕಾಟ್ಲೆಂಡಿನ ಮಾಲ್ಟ್ ಎಂದೇ ಭಾವಿಸಿದರು. 2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ಅದೇ ಗ್ಲಾಸ್ಗೋದಲ್ಲಿ. ಮೊದಲೇ ‘ಬೆಂಗಳೂರಿನದು’ ಎಂದು ಹೇಳಿದ್ದರೆ ಎಷ್ಟು ಜನ ಲೋಟ ಎತ್ತುತ್ತಿದ್ದರೋ!

ವೈನ್ ಪೀಪಾಯಿಯ ವಿಷಯದಲ್ಲೂ ಅಮೃತ್‌ನದೇ ಒಳ್ಳೆಯ ಉದಾಹರಣೆ. 2011ರಲ್ಲಿ ಬಂದ ಪೋರ್ಟೊನೋವಾ ಮೊದಲು ಹೊಸ ಓಕ್ ಮತ್ತು ಬರ್ಬನ್ ಪೀಪಾಯಿಗಳಲ್ಲಿ ಮಾಗಿ, ಆಮೇಲೆ ಪೋರ್ಟ್ ವೈನಿನ ದೊಡ್ಡ ಪೀಪಾಯಿಗೆ ಹೋಗಿ, ಮತ್ತೆ ಬರ್ಬನ್ ಪೀಪಾಯಿಗೆ ಮರಳುತ್ತದೆ. ಮದ್ಯಸಾರ ಶೇ 62.1. ಬರ್ಬನ್ ಪೀಪಾಯಿ ಇಲ್ಲಿಗೆ ಬಂದದ್ದು ಅಮೆರಿಕದ ಕಾನೂನಿನಿಂದಲೇ: ಅಲ್ಲಿ ಬರ್ಬನ್ನಿಗೆ ಪ್ರತಿ ಸಲ ಹೊಸ ಪೀಪಾಯಿ ಬೇಕಾದ್ದರಿಂದ, ಒಮ್ಮೆ ಬಳಸಿದ್ದು ಸ್ಕಾಟ್ಲೆಂಡಿಗೆ, ಬೆಂಗಳೂರಿಗೆ ಮಾರಾಟವಾಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ 10ರಿಂದ 12. ಬಿಸಿಲಿಗೆ ಮದ್ಯ ಮರದೊಳಗೆ ಬೇಗ ಇಳಿದು ಬೇಗ ಹೊರಬರುತ್ತದೆ. ಅಲ್ಲಿನ ಹತ್ತು ವರ್ಷದ ಕೆಲಸ ಇಲ್ಲಿ ನಾಲ್ಕೈದು ವರ್ಷದಲ್ಲಿ ಮುಗಿಯುವುದು ಹೀಗೆ.

ಯಾವ ಜೋಡಿ ತರಬೇಕು?

ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ. ಅಂಗಡಿಯಲ್ಲಿ ಸಿಕ್ಕ ಒಂದು ಬರ್ಬನ್, ಯಾರೋ ವಿಮಾನ ನಿಲ್ದಾಣದಿಂದ ತಂದ ವೈನ್ ಪೀಪಾಯಿಯ ಇನ್ನೊಂದು ಬರ್ಬನ್, ಎರಡನ್ನೂ ಎದುರುಬದುರು ಇಟ್ಟರೆ ಗೊತ್ತಾಗುವುದು ಪೀಪಾಯಿಯ ವ್ಯತ್ಯಾಸವಲ್ಲ, ಧಾನ್ಯದ್ದು. ಮೇಕರ್ಸ್ ಮಾರ್ಕ್ ಬರ್ಬನ್ನಿನಲ್ಲಿ ರೈ ಎಂಬ ಧಾನ್ಯದ ಬದಲು ಗೋಧಿ ಇದೆ. ಏಂಜಲ್ಸ್ ಎನ್ವಿಯಲ್ಲಿ ಶೇ 72 ಮೆಕ್ಕೆಜೋಳ, ಶೇ 18 ರೈ, ಶೇ 10 ಬಾರ್ಲಿ. ರೈ ಕೊಡುವ ಖಾರವನ್ನೇ ಹಿಡಿದು ‘ಪೋರ್ಟ್ ಸಿಕ್ಕಿತು’ ಎಂದು ಬೀಗುವವರಿದ್ದಾರೆ.

ಹಾಗಾಗಿ ಒಂದೇ ಮನೆಯ ಎರಡು ಬಾಟಲಿ ಬೇಕು: ಒಂದು ಸಾದಾ, ಒಂದು ವೈನ್ ಪೀಪಾಯಿಯದು. ಬರ್ಬನ್ನಿನಲ್ಲಿ ಜೆಫರ್ಸನ್ಸ್ ರಿಸರ್ವ್ ಮತ್ತು ನಾಪಾ ಕಣಿವೆಯ ಗ್ರೋತ್ ವೈನ್ ಪೀಪಾಯಿಯಲ್ಲಿ ಮುಗಿಸಿದ ಅದರದೇ ಇನ್ನೊಂದು ಬಾಟಲಿ ಇಂಥ ಜೋಡಿ. ವಿದೇಶದಲ್ಲಿರುವ ಮಕ್ಕಳು, ಅಳಿಯಂದಿರು ತರಬಹುದಾದದ್ದು ಅದು. ನಮ್ಮಲ್ಲೇ ಆಗಬೇಕೆಂದರೆ ಅಮೃತ್ ಸಿಂಗಲ್ ಮಾಲ್ಟ್ ಮತ್ತು ಪೋರ್ಟೊನೋವಾ. ಅದು ಬಾರ್ಲಿಯದು, ಬರ್ಬನ್ ಅಲ್ಲ. ಆದರೆ ಪೀಪಾಯಿಯ ಪಾಠಕ್ಕೆ ಅಡ್ಡಿಯಿಲ್ಲ. ಹರಿಯಾಣದ ಇಂದ್ರಿ ತ್ರಿನಿಯಲ್ಲಿ ಬರ್ಬನ್, ಫ್ರೆಂಚ್ ವೈನ್, ಶೆರ್ರಿ ಮೂರು ಪೀಪಾಯಿಗಳೂ ಬೆರೆತಿರುವುದರಿಂದ ಕುಡಿಯಲು ಚೆಂದ, ಈ ಪರೀಕ್ಷೆಗೆ ತೊಡಕು. ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಇವೆಲ್ಲ ಸಿಗುವುದು ಅಪರೂಪ. ಬೆಂಗಳೂರಿಗೆ ಹೋದವರ ಬ್ಯಾಗಿನಲ್ಲೇ ಬರಬೇಕು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತು. ಇಳಿದ ಮೇಲೂ ಅದೇನು ಸಣ್ಣ ಹೊರೆಯಲ್ಲ.

ಬಣ್ಣವೆಂಬ ಚೊಗರು

ಬಣ್ಣ ಮರುಳು ಮಾಡುವ ಬಗೆಯನ್ನು ಚನ್ನಗಿರಿಯವರಿಗೆ ವಿವರಿಸುವುದು ಸುಲಭ. ಬೇಯಿಸಿದ ಅಡಿಕೆಗೆ ಚೊಗರು ಕೊಟ್ಟು ಕೆಂಪು ಹೊಳಪು ತರಿಸುತ್ತಾರೆ. ಮಂಡಿಯಲ್ಲಿ ಮೊದಲು ಕಣ್ಣು ಬೀಳುವುದು ಆ ಬಣ್ಣದ ಮೇಲೆ. ಆದರೆ ರಾಶಿ ಇಡಿಯೋ ಗೊರಬಲೋ ಎಂದು ತೀರ್ಮಾನಿಸುವವನು ಬಣ್ಣಕ್ಕೇ ನಿಲ್ಲುವುದಿಲ್ಲ. ಅಡಿಕೆ ಒಡೆದು ಒಳಗಿನ ಗೆರೆ ನೋಡುತ್ತಾನೆ. ವಿಸ್ಕಿಯಲ್ಲೂ ಬಣ್ಣ ಹಾಗೆಯೇ ಮೋಸ ಮಾಡುತ್ತದೆ. ಬರ್ಬನ್ನಿಗೆ ಬಣ್ಣ ಬೆರೆಸುವಂತಿಲ್ಲ, ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಬೆರೆಸಬಹುದು. ಪೋರ್ಟ್ ಪೀಪಾಯಿಯಲ್ಲಿದ್ದ ಮದ್ಯಕ್ಕೆ ತಾನಾಗಿಯೇ ಕೆಂಪು ಛಾಯೆ ಬರುತ್ತದೆ. ಅದನ್ನು ಕಂಡ ಕೂಡಲೇ ಮಿದುಳು ಹಣ್ಣಿನ ರುಚಿ ಹುಡುಕಲು ಕೂತುಬಿಡುತ್ತದೆ.

ಇದು ಬರೀ ಮಾತಲ್ಲ. ಫ್ರಾನ್ಸಿನ ಬೋರ್ಡೊದಲ್ಲಿ ಫ್ರೆಡರಿಕ್ ಬ್ರೋಷೆ ಮತ್ತು ಸಂಗಡಿಗರು ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ, ರುಚಿವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ದಾರಿ ತಪ್ಪಿದವರು ಅಡ್ಡಾದಿಡ್ಡಿ ಕುಡುಕರಲ್ಲ, ಅದನ್ನೇ ಕಲಿಯುತ್ತಿದ್ದವರು. ಆಲಿವ್ ಎಣ್ಣೆಯ ಪರೀಕ್ಷಕರು ಕಡುನೀಲಿ ಗಾಜಿನ ಲೋಟ ಬಳಸುವುದು ಈ ಕಾರಣಕ್ಕೇ. ನಮಗೆ ನೀಲಿ ಗಾಜು ಬೇಡ. ಒಂದೇ ಅಳತೆಯ ಚಿಕ್ಕ ಸ್ಟೀಲ್ ಲೋಟಗಳು ಸಾಕು. ಸೋಪಿನ ವಾಸನೆ ಉಳಿಯದಂತೆ ಬಿಸಿನೀರಿನಲ್ಲಿ ತೊಳೆದು, ಒರೆಸದೆ ಮಗುಚಿ ಒಣಗಿಸಿ. ಮದ್ಯ ಹಾಕಿದ ಮೇಲೆ ಪ್ರತಿ ಲೋಟದ ಮೇಲೂ ಚಿಕ್ಕ ತಟ್ಟೆ ಮುಚ್ಚಿಡಿ. ವಾಸನೆ ಒಳಗೇ ತುಂಬಿರುತ್ತದೆ. ಕೋಣೆಯ ದೀಪ ಮಂದ ಮಾಡಿದರೆ ಇನ್ನೂ ಒಳ್ಳೆಯದು.

ಆರು ಜನ, ಹದಿನೆಂಟು ಲೋಟ

‘ಎರಡರಲ್ಲಿ ಯಾವುದು ಪೋರ್ಟ್ ಪೀಪಾಯಿಯದು ಹೇಳಿ’ ಎಂದರೆ ಕಣ್ಣು ಮುಚ್ಚಿ ಹೇಳಿದವನೂ ಅರ್ಧದಷ್ಟು ಸಲ ಗೆಲ್ಲುತ್ತಾನೆ. ಆಹಾರ ಉದ್ಯಮದವರು ಬಳಸುವ ತ್ರಿಕೋನ ಪರೀಕ್ಷೆ ಇದಕ್ಕಿಂತ ಗಟ್ಟಿ. ಪ್ರತಿಯೊಬ್ಬರಿಗೂ ಮೂರು ಲೋಟ. ಎರಡರಲ್ಲಿ ಒಂದೇ ಮದ್ಯ, ಮೂರನೆಯದರಲ್ಲಿ ಬೇರೆ. ‘ಬೇರೆಯದು ಯಾವುದು?’ ಎನ್ನುವುದಷ್ಟೇ ಪ್ರಶ್ನೆ. ಅದೃಷ್ಟದಿಂದ ಗೆಲ್ಲುವ ಅವಕಾಶ ಮೂರರಲ್ಲಿ ಒಂದು.

ಆರು ಜನ ಸೇರಿದರೆ ಲೆಕ್ಕ ಸೊಗಸಾಗಿ ಕೂಡುತ್ತದೆ. ಸಾದಾ ಮದ್ಯವನ್ನು ಅ, ವೈನ್ ಪೀಪಾಯಿಯದನ್ನು ಬ ಎಂದುಕೊಳ್ಳಿ. ಸಾಧ್ಯವಿರುವ ಸಾಲುಗಳು ಆರೇ: ಅಅಬ, ಅಬಅ, ಬಅಅ, ಬಬಅ, ಬಅಬ, ಅಬಬ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಲೋಟಕ್ಕೆ 10 ಮಿ.ಲೀ. ಆದರೆ ಒಬ್ಬರಿಗೆ 30 ಮಿ.ಲೀ., ಅಂದರೆ ಒಂದು ಸಣ್ಣ ಪೆಗ್. ಒಟ್ಟು ಹದಿನೆಂಟು ಲೋಟಕ್ಕೆ ಪ್ರತಿ ಮದ್ಯವೂ 90 ಮಿ.ಲೀ. ಸಾಕು. ಒಬ್ಬನೇ ಆರು ಸಲ ಮಾಡಲು ಹೋದರೆ 180 ಮಿ.ಲೀ. ಆಗುತ್ತದೆ, ಮೂರನೇ ಸುತ್ತಿಗೇ ನಾಲಿಗೆ ಮರಗಟ್ಟಿರುತ್ತದೆ, ಆರನೆಯದಕ್ಕೆ ತಲೆಯೂ. ಬೇಕಾದರೆ ಉಗುಳಬಹುದು. ಎಲೆಅಡಿಕೆಯ ಸೀಮೆಯವರಿಗೆ ಉಗುಳುವುದನ್ನು ಹೇಳಿಕೊಡಬೇಕಾಗಿಲ್ಲ.

ಸುರಿಯುವವರು ಬೇರೆ, ಹಂಚುವವರು ಬೇರೆ ಇರಲಿ. ಸುರಿದವನ ಮುಖ ಓದಿ ಉತ್ತರ ಹೇಳುವ ಜಾಣರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಸುರಿಯುವವರು ಒಳಕೋಣೆಯಲ್ಲಿ ಲೋಟದ ತಳಕ್ಕೆ 417, 286, 953 ಹೀಗೆ ಮೂರಂಕಿಯ ಚೀಟಿ ಅಂಟಿಸಿ, ಯಾವ ಸಂಖ್ಯೆ ಯಾವ ಮದ್ಯ ಎಂದು ಹಾಳೆಯಲ್ಲಿ ಬರೆದು ಮಡಚಿಡಲಿ. ಬರೀ 1, 2, 3 ಎಂದರೆ ಮೊದಲನೆಯದೇ ಉತ್ತಮ ಎಂಬ ಭಾವ ಬರುತ್ತದೆ.

ಇನ್ನು ಖಾರ ಸಮ ಮಾಡುವ ಕೆಲಸ. ಶೇ 46ರ ಅಮೃತ್ ಮತ್ತು ಶೇ 62.1ರ ಪೋರ್ಟೊನೋವಾವನ್ನು ಹಾಗೆಯೇ ಕೊಟ್ಟರೆ ಗಂಟಲು ಸುಟ್ಟದ್ದೇ ಬೇರೆಯದು ಎಂದು ಮಗುವೂ ಹೇಳುತ್ತದೆ. ಎರಡನ್ನೂ ಶೇ 40ಕ್ಕೆ ಇಳಿಸಿ. ಮದ್ಯದ ಪ್ರಮಾಣವನ್ನು ಅದರ ಶೇಕಡಾವಾರಿಗೆ ಗುಣಿಸಿ 40ರಿಂದ ಭಾಗಿಸಿದರೆ ಒಟ್ಟು ಎಷ್ಟಾಗಬೇಕು ಎಂಬ ಉತ್ತರ ಬರುತ್ತದೆ: 10 ಮಿ.ಲೀ. ಅಮೃತ್‌ಗೆ ಒಂದೂವರೆ ಮಿ.ಲೀ. ನೀರು, 10 ಮಿ.ಲೀ. ಪೋರ್ಟೊನೋವಾಗೆ ಐದೂವರೆ. ಮೆಡಿಕಲ್ ಶಾಪಿನ ಸೂಜಿಯಿಲ್ಲದ ಸಿರಿಂಜ್ ಇದಕ್ಕೆ ಹೇಳಿ ಮಾಡಿಸಿದ್ದು. ಬೆರೆಸಿ ಹತ್ತು ನಿಮಿಷ ಬಿಟ್ಟು, ಆಮೇಲೆ ಲೋಟಗಳಿಗೆ ಅಳೆದು ಹಾಕಿ. ಜಗಳೂರಿನ ಗಡಸು ಬೋರ್ ನೀರು ಬೇಡ; ಶುದ್ಧ ಕುಡಿಯುವ ನೀರಿನ ಘಟಕದ್ದು ಆಗಬಹುದು, ಎರಡಕ್ಕೂ ಒಂದೇ ಕ್ಯಾನಿನದು. ಐಸ್ ಖಂಡಿತ ಬೇಡ, ತಂಪಿಗೆ ವಾಸನೆ ಮುದುಡುತ್ತದೆ. ಏಪ್ರಿಲ್ ಮಧ್ಯಾಹ್ನವೂ ಬೇಡ. ಸೆಕೆಗೆ ಮದ್ಯದ ಘಾಟು ಮೂಗಿಗೆ ಹೊಡೆದು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಮಳೆ ಬಂದು ತಣಿದ ಸಂಜೆ, ಊಟಕ್ಕೆ ಮುಂಚಿನ ಹೊತ್ತು ಸರಿ.

ಅದಕ್ಕೆ ಒಂದು ಗಂಟೆ ಮುಂಚಿನಿಂದ ಬಾಯಿಗೆ ಎಲೆಅಡಿಕೆ ಹಾಕಬಾರದು. ಅಡಿಕೆಯ ಒಗರು ನಾಲಿಗೆಯ ಮೇಲೆ ಕೂತರೆ ಓಕ್ ಮರದ ಒಗರು ತಿಳಿಯುವುದೇ ಇಲ್ಲ. ಗುಟ್ಕಾ, ಬೀಡಿ ಹೇಳುವುದೇ ಬೇಡ. ಮಿರ್ಚಿ, ಖಾರ ಮಂಡಕ್ಕಿ ಆಮೇಲೆ. ಆದರೆ ಒಗ್ಗರಣೆ ಹಾಕದ ಸಾದಾ ಮಂಡಕ್ಕಿ ಲೋಟದಿಂದ ಲೋಟಕ್ಕೆ ಬಾಯಿ ಶುದ್ಧಿ ಮಾಡಿಕೊಳ್ಳಲು ಬಲು ಚೆನ್ನಾಗಿ ಒದಗುತ್ತದೆ. ದಾವಣಗೆರೆ ಭಟ್ಟಿಯದು ಇಲ್ಲೆಲ್ಲ ಸಿಗುತ್ತದಲ್ಲ. ಒಂದು ಹಿಡಿ, ಮೇಲೊಂದು ಗುಟುಕು ನೀರು. ಅತ್ತರು ಬಳಿದುಕೊಂಡು ಬಂದವರನ್ನು, ಊದುಬತ್ತಿಯನ್ನು ಆ ಹೊತ್ತಿಗೆ ದೂರ ಇಡಿ.

ಮೂಗಿನ ಕೆಲಸ

ಮೊದಲು ಮೂರೂ ಲೋಟ ಮೂಸಿ ನೋಡಿ, ಆಮೇಲೆ ಗುಟುಕು. ಲೋಟಕ್ಕೆ ಮೂಗು ಪೂರ್ತಿ ಇಳಿಸಬೇಡಿ. ಬಾಯಿ ಸ್ವಲ್ಪ ತೆರೆದುಕೊಂಡು ಒಂದಂಗುಲ ಮೇಲಿನಿಂದ ಮೆಲ್ಲಗೆ ಎಳೆದುಕೊಳ್ಳಿ. ಮೊದಲ ಹನಿ ನಾಲಿಗೆಯನ್ನು ಒಗ್ಗಿಸಲು ಮಾತ್ರ. ಎರಡನೆಯ ಗುಟುಕನ್ನು ಬಾಯಲ್ಲಿ ಸುತ್ತಾಡಿಸಿ, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಪೀಪಾಯಿಯ ಬಹುಪಾಲು ಸುದ್ದಿ ಸಿಗುವುದು ಆ ಉಸಿರಿನಲ್ಲಿ.

ಏನನ್ನು ಹುಡುಕಬೇಕು? ಹೊಸ ಓಕ್ ಸುಟ್ಟಾಗ ಮರದೊಳಗಿನ ಸಕ್ಕರೆ ಕಂದುತ್ತದೆ, ಅದರಿಂದ ಜೋನಿಬೆಲ್ಲದ ಅಂಚು. ಮರದ ಲಿಗ್ನಿನ್ ಒಡೆದು ವೆನಿಲಾ. ಅಮೆರಿಕದ ಓಕ್‌ನಲ್ಲಿರುವ ಲ್ಯಾಕ್ಟೋನ್‌ನಿಂದ ಕೊಬ್ಬರಿ, ಯೂಜಿನಾಲ್‌ನಿಂದ ಲವಂಗ. ನಿಜವಾದ ಲವಂಗದಲ್ಲಿರುವುದೂ ಅದೇ ಯೂಜಿನಾಲ್. ಅಡಿಯಲ್ಲಿ ಬರ್ಬನ್ನಿನದೇ ಸಿಹಿ, ಕೆಂಡದ ಮೇಲೆ ಸುಟ್ಟ ತೆನೆಯದು. ಪೋರ್ಟ್ ಪೀಪಾಯಿ ಇದರ ಮೇಲೆ ಒಣದ್ರಾಕ್ಷಿ, ಅಂಜೂರ, ಮುಖ್ಯವಾಗಿ ನೇರಳೆ ಹಣ್ಣು ತರುತ್ತದೆ: ಮೊದಲು ಸಿಹಿ, ಹಿಂದೆಯೇ ನಾಲಿಗೆ ಹಿಡಿಯುವ ಒಗರು. ಶೆರ್ರಿ ಪೀಪಾಯಿಯದಾದರೆ ಉತ್ತತ್ತಿ, ಗೋಡಂಬಿ. ಕ್ಯಾಬರ್ನೆಯಂಥ ಕೆಂಪು ವೈನಿನದು ಸಿಹಿಗಿಂತ ಒಗರೇ ಹೆಚ್ಚು. ಇಂಗ್ಲಿಷಿನವರು ಪಟ್ಟಿ ಮಾಡುವ ಬ್ಲ್ಯಾಕ್‌ಬೆರಿ, ಪ್ಲಮ್ ಇತ್ಯಾದಿ ನಾವು ತಿಂದೇ ಇಲ್ಲದ ಹಣ್ಣುಗಳನ್ನು ಹುಡುಕುತ್ತ ಕೂರಬೇಡಿ. ಒಗರಿನ ವಿಷಯದಲ್ಲಿ ಅಡಿಕೆ ಜಗಿದು ಬೆಳೆದ ನಾಲಿಗೆಗೆ ಲಂಡನ್ನಿನ ನಾಲಿಗೆ ಸರಿಸಾಟಿಯಲ್ಲ ಎಂದು ನನ್ನ ನಂಬಿಕೆ. ಇಲ್ಲಿ ಅಂಗಡಿಯಲ್ಲಿ ಪೋರ್ಟ್ ಎಂದು ಮಾರುವ ಅಗ್ಗದ ಸಿಹಿ ವೈನನ್ನು ಮಾತ್ರ ಮಾದರಿಯಾಗಿ ಇಟ್ಟುಕೊಳ್ಳಬೇಡಿ. ಅಸಲಿ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು, ದ್ರಾಕ್ಷಿ ಹುದುಗುವುದನ್ನು ನಡುವೆಯೇ ದ್ರಾಕ್ಷಿ ಮದ್ಯ ಸುರಿದು ನಿಲ್ಲಿಸಿದ್ದು.

ಕುಡಿಯದವರೂ ಈ ಆಟಕ್ಕೆ ಕೂರಬಹುದು. ಮೂರು ಲೋಟ ಬೆಲ್ಲದ ನೀರಿನಲ್ಲಿ ಒಂದಕ್ಕೆ ಮಾತ್ರ ಎರಡು ಹನಿ ಟೀ ಡಿಕಾಕ್ಷನ್ ಹಾಕಿ, ಬೇರೆಯದು ಯಾವುದೆಂದು ಕೇಳಿ. ಹನಿಯೊಂದಕ್ಕೆ ಇಳಿಸಿದರೆ ಕಷ್ಟ ಹೆಚ್ಚುತ್ತದೆ. ಮದ್ಯದ ಪರೀಕ್ಷೆಗೆ ಮುಂಚೆ ಇದನ್ನು ಮಾಡಿದರೆ ಯಾರ ಮೂಗು ಚುರುಕು ಎಂಬುದೂ ತಿಳಿದೀತು.

ಎಲ್ಲರೂ ಮಾತಾಡದೆ ಚೀಟಿಯಲ್ಲಿ ಸಂಖ್ಯೆ ಬರೆದ ಮೇಲೆಯೇ ಮಡಚಿದ ಹಾಳೆ ಬಿಚ್ಚಿ. ಆರು ಜನರಲ್ಲಿ ಇಬ್ಬರು ಸರಿ ಹೇಳಿದರೆ ಅದು ಬರೀ ಅದೃಷ್ಟದ ಪಾಲು. ನಾಲ್ವರು ಸರಿ ಹೇಳಿದರೂ ಹಿಗ್ಗಬೇಡಿ. ಊಹೆಯಿಂದಲೇ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ಹತ್ತರಲ್ಲಿ ಒಂದಿದೆ. ಐವರು ಸರಿ ಹೇಳಿದರೆ ನಂಬಬಹುದು, ಊಹೆಯಿಂದ ಅದು ಆಗುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ವ್ಯತ್ಯಾಸ ಇದೆ ಎಂದು ಸಾಬೀತಾದ ಮೇಲೆ ಮಾತ್ರ ಯಾವುದು ಚೆನ್ನ ಎಂದು ಕೇಳಿ, ಆಗಲೂ ಬೆಲೆ ಹೇಳದೆ. ನನ್ನ ಮಟ್ಟಿಗೆ, ಮೂಸಿದ ಕೂಡಲೇ ಪೋರ್ಟ್ ಎಂದು ಗೊತ್ತಾಗುವ ಬರ್ಬನ್ ಕೆಟ್ಟದ್ದು. ಅಲ್ಲಿ ಮೆಕ್ಕೆಜೋಳವೂ ಸುಟ್ಟ ಓಕ್ ಕೂಡ ಹಣ್ಣಿನ ಅಡಿ ಸಿಕ್ಕಿಕೊಂಡಿರುತ್ತವೆ. ಎರಡನೆಯ ಗುಟುಕಿನ ಉಸಿರಿನಲ್ಲಿ ನೇರಳೆ ಇಣುಕಿ ಹೋದರೆ ಮಾಡಿದವನು ಕೈ ಪಳಗಿದವನು.

ಕೂಟ ಮನೆಯೊಳಗೇ ಇರಲಿ. ದುಡ್ಡು ಪಡೆದು ಕೊಟ್ಟರೆ ಅದಕ್ಕೆ ಅಬಕಾರಿ ಪರವಾನಗಿ ಬೇಕು. 21 ತುಂಬದವರನ್ನು ಕೂರಿಸಬೇಡಿ. ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ. ಮೀರಿ ಮದ್ಯಸಾರ ಇದ್ದರೆ ಗಾಡಿ ಓಡಿಸುವುದು ಅಪರಾಧ, ನ್ಯಾಮತಿಯಿಂದ ಹೊನ್ನಾಳಿಗೆ ಬೈಕಿನಲ್ಲಿ ಹೋಗುವವರಿಗೂ ಅನ್ವಯಿಸುವ ಮಾತಿದು. ಮತ್ತೆ, ಆರರಲ್ಲಿ ಐವರು ವ್ಯತ್ಯಾಸ ಹಿಡಿಯದೆ ಹೋದರೆ ಮುಂದಿನ ಸಲ ಸಾದಾ ಬಾಟಲಿಯನ್ನೇ ತನ್ನಿ.